ಚಳಿ ಬಿಡುವ ಮೊದಲೇ ಹಿತ್ತಲಿಗೆ ಇಳಿಯುವವರಿಗೆ: ಮಾಘದಿಂದ ಭರಣಿ ಮಳೆಯವರೆಗೆ ಸಮಗ್ರ ಮಾರ್ಗದರ್ಶಿ

ರಥಸಪ್ತಮಿ ಕಳೆಯಿತು ಅಂದರೆ ಸಾಕು, ಗಿಡದ ಹುಚ್ಚು ಇರುವವರಿಗೆ ಮನೆಯೊಳಗೆ ಕೂರಲು ಆಗುವುದಿಲ್ಲ. ಬೆಳಗ್ಗೆ ಎದ್ದಾಗ ಹೆಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಹನ್ನೊಂದು ಗಂಟೆಗೆ ಬಿಸಿಲು ಚುರ್ ಅನ್ನುತ್ತದೆ. ಮಾವು ಹೂ ಬಿಟ್ಟಿದೆ. ಬೂರುಗದ ಮರ ಎಲೆಯೆಲ್ಲ ಉದುರಿಸಿ ಕೆಂಪಗೆ ನಿಂತಿದೆ. ಸಂತೆಯಲ್ಲಿ ಬೀಜದ ಪ್ಯಾಕೆಟ್ ಕಂಡರೆ ಕೈ ತಾನಾಗಿ ಹೋಗುತ್ತದೆ. "ಇನ್ನೇನು ಚಳಿ ಹೋಯ್ತು, ಎಲ್ಲಾ ಒಂದೇ ಸಲ ಹಾಕಿಬಿಡೋಣ" ಅನ್ನಿಸುತ್ತದೆ, ಅಲ್ವಾ?

ಈ ಅವಸರವೇ ತಪ್ಪು ಅಂತ ನಾನು ಹೇಳುವುದಿಲ್ಲ. ಕೆಲವು ಗಿಡಕ್ಕೆ ಈಗ ಅವಸರ ಮಾಡದಿದ್ದರೆ ಕಾಯಿ ಬಿಡುವ ಹೊತ್ತಿಗೆ ಮಳೆಗೆ ಸಿಕ್ಕಿ ಕೊಳೆಯುತ್ತವೆ. ಇನ್ನು ಕೆಲವನ್ನು ಈಗ ಮುಟ್ಟಿದಿರೋ, ಕೆಟ್ಟವು ಎಂದೇ ಲೆಕ್ಕ. ನಮ್ಮ ಕಡೆ ಹಿತ್ತಲಿಗೆ ಗಡುವು ಹಾಕುವುದು ಚಳಿಯಲ್ಲ, ಜೂನ್ ಮಳೆ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕೈ ಕಟ್ಟಿ ಕೂರಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಚಿಕ್ಕಮಗಳೂರು, ಹಾಸನ ಕಡೆಯ ಹಿತ್ತಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮೈಸೂರು, ಧಾರವಾಡದವರು ಹಾಗೇ ಅನುಸರಿಸಬೇಡಿ.

ಹಂತ 1: ನಿಮ್ಮ ಮನೆ ಎಲ್ಲಿದೆ, ನೋಡಿಕೊಳ್ಳಿ

ಜಿಲ್ಲೆ ಒಂದೇ ಆದರೂ ಹವೆ ಒಂದಲ್ಲ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1930 ಮೀಟರ್. ಕಡೂರು 760ರ ಆಸುಪಾಸು. ಸಾವಿರ ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ. ಹಾಗಾಗಿ ಕಡೂರು, ಅರಸೀಕೆರೆಯವರು ಪೇಟೆಯವರಿಗಿಂತ ವಾರ ಹತ್ತು ದಿನ ಮುಂಚೆ ಬಿತ್ತಿದರೆ ನಡೆಯುತ್ತದೆ. ಅತ್ತಿಗುಂಡಿಯಂಥ ಗಿರಿ ಊರಿನವರು ಅಷ್ಟೇ ದಿನ ತಡ ಮಾಡಬೇಕು.

ಮಳೆಯ ಲೆಕ್ಕದಲ್ಲಂತೂ ಅಜಗಜಾಂತರ. ಶೃಂಗೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುತ್ತದೆ. ಕಡೂರಿನಲ್ಲಿ 600 ಮಿ.ಮೀ. ಆಸುಪಾಸು. ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರದ ಮಲೆನಾಡಿನವರಿಗೆ ಜೂನ್ ಎರಡನೇ ವಾರದೊಳಗೆ ಟೊಮ್ಯಾಟೊ ಕೆಲಸ ಮುಗಿದಿರಬೇಕು. ಬಯಲುಸೀಮೆಯವರಿಗೆ ಮಳೆಯ ಭಯ ಕಡಿಮೆ, ಅವರದ್ದು ನೀರಿನ ಚಿಂತೆ. ಚಿಕ್ಕಮಗಳೂರು ಪೇಟೆ, ಬೇಲೂರು, ಆಲೂರಿನಂಥ ಅರೆಮಲೆನಾಡಿಗೆ ಎರಡೂ ತಲೆನೋವು ಸ್ವಲ್ಪ ಸ್ವಲ್ಪ.

ಇನ್ನು ಪಂಚಾಂಗ. "ಯುಗಾದಿಗೆ ಬೀಜ ಹಾಕು" ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ಆದರೆ ಯುಗಾದಿ ಚಾಂದ್ರಮಾನದ ಹಬ್ಬ. 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2026ರಲ್ಲಿ ಮಾರ್ಚ್ 19ಕ್ಕೆ. ಮೂರು ವಾರದ ವ್ಯತ್ಯಾಸ! ಬೀಜಕ್ಕೆ ಮೂರು ವಾರ ಅಂದರೆ ಸಣ್ಣ ಮಾತಲ್ಲ. ಮಳೆ ನಕ್ಷತ್ರಗಳು ಹಾಗಲ್ಲ. ಅವು ಸೂರ್ಯನ ಲೆಕ್ಕ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಕಿಗೆ ಬರುತ್ತವೆ. ಅಶ್ವಿನಿ ಏಪ್ರಿಲ್ 13-14ಕ್ಕೆ, ಭರಣಿ ಏಪ್ರಿಲ್ 27ರ ಸುಮಾರಿಗೆ, ಮೃಗಶಿರ ಜೂನ್ 7-8ಕ್ಕೆ. ಬಿತ್ತನೆಗೆ ಹಬ್ಬ ಹಿಡಿಯಬೇಡಿ, ನಕ್ಷತ್ರ ಹಿಡಿಯಿರಿ. ಹಳಬರು ಹಾಗೇ ಮಾಡುತ್ತಿದ್ದರು.

ನಮ್ಮಲ್ಲಿ ಹಗಲು ಚಿಕ್ಕದಾಯಿತು ಅಂತ ಕೊರಗುವ ಕಾರಣವೂ ಇಲ್ಲ. ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಜೂನ್‌ನ ಅತಿ ದೊಡ್ಡ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯಷ್ಟೇ ಅಂತರ. ಗಿಡ ಕುಂಟುವುದು ರಾತ್ರಿಯ ತಂಪಿಗೆ.

ಹಂತ 2: ಮೊದಲು ಬಾವಿ, ಆಮೇಲೆ ಬೀಜ

ಫೆಬ್ರವರಿಯಲ್ಲಿ ಬಾವಿಯಲ್ಲಿ ಕಾಣುವ ನೀರನ್ನು ನಂಬಿ ಮಡಿ ಮಾಡಬೇಡಿ. ಗಿಡಕ್ಕೆ ನೀರು ಜಾಸ್ತಿ ಬೇಕಾಗುವುದು ಏಪ್ರಿಲ್‌ನಲ್ಲಿ, ಬಾವಿ ತಳ ಕಾಣುವುದೂ ಏಪ್ರಿಲ್‌ನಲ್ಲೇ.

ಲೆಕ್ಕ ಸುಲಭ. ಒಂದು ಚದರ ಮೀಟರ್ ನೆಲಕ್ಕೆ 1 ಮಿ.ಮೀ. ನೀರು ಅಂದರೆ ಸರಿಯಾಗಿ 1 ಲೀಟರ್. ಬೇಸಿಗೆಯಲ್ಲಿ ಬೆಳೆದು ನಿಂತ ತರಕಾರಿಗೆ ದಿನಕ್ಕೆ 4-5 ಮಿ.ಮೀ. ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿ ಸುಮಾರು 9.3 ಚದರ ಮೀಟರ್. ಅಲ್ಲಿಗೆ ದಿನಕ್ಕೆ 40-45 ಲೀಟರ್, ಅಂದರೆ ಪ್ಲಾಸ್ಟಿಕ್ ಕೊಡದಲ್ಲಿ ಮೂರು ಕೊಡ. ದರಗು, ಅಂದರೆ ಉದುರಿದ ಒಣ ಎಲೆ, ಹಾಸಿದರೆ ಇದು ಚೆನ್ನಾಗಿಯೇ ಇಳಿಯುತ್ತದೆ. ಕಳೆದ ಏಪ್ರಿಲ್‌ನಲ್ಲಿ ಮನೆ ಖರ್ಚು ಕಳೆದು ಎಷ್ಟು ಕೊಡ ಉಳಿಯುತ್ತಿತ್ತು, ನೆನಪು ಮಾಡಿಕೊಳ್ಳಿ. ಅದನ್ನು ಮೂರರಿಂದ ಭಾಗಿಸಿ. ಅಷ್ಟೇ ಮಡಿ. ಒಂದು ಕಡಿಮೆ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಹಳ್ಳದ ಪಕ್ಕ ಇರುವವರಿಗೆ ಇನ್ನೊಂದು ಮಾತು. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕಾಫಿ ತೋಟದವರು ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಒಂದು ಇಂಚಿನಷ್ಟು ನೀರು ಒಟ್ಟಿಗೆ ಬಿದ್ದರೆ ವಾರ ಹತ್ತು ದಿನದಲ್ಲಿ ಕಾಫಿ ಹೂ ಅರಳುತ್ತದೆ. ಎರಡು ಮೂರು ವಾರ ಬಿಟ್ಟು ಮತ್ತೊಂದು ಸಲ ಕೊಡಬೇಕು. ಆ ದಿನಗಳಲ್ಲಿ ಹಳ್ಳದ ಮೇಲಿನ ಪಂಪುಗಳೆಲ್ಲ ಓಡುತ್ತಿರುತ್ತವೆ, ಕೆಳಗಿನವರ ಪಾಲಿಗೆ ಕಲ್ಲು ಕಾಣುತ್ತದೆ. ನಿಮ್ಮ ಮಡಿ ಆ ನೀರನ್ನೇ ನಂಬಿದ್ದರೆ ಈಗಲೇ ಒಂದು ಡ್ರಮ್ ತಂದಿಡಿ.

ಹಂತ 3: ಮಣ್ಣಿನ ಬಿಸಿ ಅಳೆಯಿರಿ

ನಮ್ಮ ಅವಸರಕ್ಕೆ ಕಾರಣ ಮಧ್ಯಾಹ್ನದ ಬಿಸಿಲು. ಬೀಜಕ್ಕೆ ಲೆಕ್ಕ ಮಣ್ಣಿನೊಳಗಿನ ಬಿಸಿ. ಜನವರಿ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಗಾಳಿ 13-15 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಮಣ್ಣು ಅಷ್ಟು ಇಳಿಯುವುದಿಲ್ಲ. ಆದರೆ ಮರದ ನೆರಳಿನ ಮಡಿ, ಸದಾ ತೇವ ಇರುವ ಮಡಿ ಹಗಲಲ್ಲೂ ಬೇಗ ಬಿಸಿ ಏರುವುದಿಲ್ಲ.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಾಜಿನ ಥರ್ಮಾಮೀಟರ್ ಸಾಕು. ಜ್ವರ ನೋಡುವುದು ಬೇಡ, ಅದು 35 ಡಿಗ್ರಿಯಿಂದ ಮೇಲಷ್ಟೇ ತೋರಿಸುತ್ತದೆ. ಕಡ್ಡಿಯಲ್ಲಿ ಎರಡು ಬೆರಳಿನಷ್ಟು ಆಳ ತೂತು ಮಾಡಿ, ಥರ್ಮಾಮೀಟರ್ ಇಳಿಸಿ, ಐದು ನಿಮಿಷ ಬಿಡಿ. ಬೆಳಗ್ಗೆ ಎಂಟು ಗಂಟೆಯೊಳಗೆ ನೋಡಬೇಕು. ಸತತ ಮೂರು ನಾಲ್ಕು ದಿನ ನೋಡಿ.

15ರ ಆಸುಪಾಸು ಇದ್ದರೆ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಪಾಲಕ್ ಧೈರ್ಯವಾಗಿ ಹಾಕಿ. 18 ದಾಟಿದರೆ ಬೀನ್ಸ್. 20 ದಾಟುವವರೆಗೆ ಬೆಂಡೆ, ಸೌತೆ, ಹೀರೆ, ಕುಂಬಳ, ದಂಟಿನ ಸೊಪ್ಪು ಬೇಡ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೆಂಡೆ ಬೀಜ ಮೊಳೆಯುವುದೇ ಕಡಿಮೆ, ಜಾಸ್ತಿ ಕೊಳೆಯುತ್ತದೆ. ಆಮೇಲೆ ಬೀಜ ಮಾರಿದವನನ್ನು ಬೈದು ಪ್ರಯೋಜನವಿಲ್ಲ.

ಹಂತ 4: ಡಬ್ಬದಲ್ಲಿರುವ ಹಳೆ ಬೀಜ ಪರೀಕ್ಷಿಸಿ

ಕೈ ತುರಿಸುತ್ತಿರುವವರಿಗೆ ಇದು ಒಳ್ಳೆಯ ಕೆಲಸ. ಹತ್ತು ಬೀಜ ಎಣಿಸಿ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಣ್ಣ ಡಬ್ಬಿಯಲ್ಲಿಟ್ಟು ಅಡಿಗೆಮನೆಯಲ್ಲಿ ಒಲೆಯ ಹತ್ತಿರ ಇಡಿ. ಬಟ್ಟೆ ಒಣಗಬಾರದು, ನೀರಲ್ಲಿ ಮುಳುಗಿರಲೂಬಾರದು. ಬೀನ್ಸ್, ಸೌತೆ ನಾಲ್ಕೈದು ದಿನದಲ್ಲಿ ಉತ್ತರ ಹೇಳುತ್ತವೆ. ಮೆಣಸಿನಕಾಯಿಗೆ ಎರಡು ವಾರ ಕೊಡಿ. ಹತ್ತಕ್ಕೆ ಎಂಟು ಮೊಳೆತರೆ ಚೆನ್ನಾಗಿದೆ. ಐದು ಬಂದರೆ ಎರಡರಷ್ಟು ದಟ್ಟವಾಗಿ ಬಿತ್ತಿ. ಮೂರಕ್ಕಿಂತ ಕಡಿಮೆ ಆದರೆ ಹೊಸದು ತನ್ನಿ.

ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬಬೇಡಿ. ಬೆಂಡೆ, ಮೆಣಸಿನಕಾಯಿ ಎರಡು ವರ್ಷ. ಟೊಮ್ಯಾಟೊ, ಬದನೆ, ಸೌತೆ, ಕುಂಬಳ ಒಣಗಿದ ಜಾಗದಲ್ಲಿಟ್ಟರೆ ನಾಲ್ಕು ವರ್ಷ ಬಾಳುತ್ತವೆ. ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದ ಸೌತೆ ಬೀಜ ಇನ್ನೂ ಕೆಲವು ಮನೆಗಳಲ್ಲಿ ಇದೆ. ಅದನ್ನು ಈಗ ಕೀಳಬೇಡಿ. ಅದರ ಸರದಿ ಮಳೆ ಹೊತ್ತಿಗೆ.

ಹಂತ 5: ಟೊಮ್ಯಾಟೊ, ಮೆಣಸಿನಕಾಯಿ, ಬದನೆ: ಅವಸರ ಇಲ್ಲಿ ತೋರಿಸಿ

ಇಲ್ಲಿ ಕಾಯುವವರೇ ಕೆಡುತ್ತಾರೆ. ಹಿಂದಕ್ಕೆ ಎಣಿಸೋಣ. ಜೂನ್ 7ಕ್ಕೆ ಮೃಗಶಿರ. ಅದಕ್ಕೆ ಮೊದಲು ಒಂದು ತಿಂಗಳಾದರೂ ಹಣ್ಣು ಕೀಳಬೇಕು ಅಂದರೆ ಮೊದಲ ಹಣ್ಣು ಮೇ ಎರಡನೇ ವಾರಕ್ಕೆ ಬರಬೇಕು. ಸಸಿ ನೆಟ್ಟು ಹಣ್ಣಾಗಲು 65-70 ದಿನ. ಅಂದರೆ ಮಾರ್ಚ್ ಮೊದಲ ವಾರ ನಾಟಿ. ಸಸಿ ಬೆಳೆಯಲು ಈ ತಂಪಿನಲ್ಲಿ 30-35 ದಿನ. ಅಲ್ಲಿಗೆ ಟೊಮ್ಯಾಟೊ ಬೀಜ ಜನವರಿ ಕೊನೆಯ ವಾರದಿಂದ ಫೆಬ್ರವರಿ ಮೊದಲ ವಾರದೊಳಗೆ ಟ್ರೇಗೆ ಬಿದ್ದಿರಬೇಕು. ಯುಗಾದಿಗೆ ಬಿತ್ತಿದವರ ಟೊಮ್ಯಾಟೊ ಜುಲೈ ಮಳೆಯಲ್ಲಿ ಅಂಗಮಾರಿ ಬಂದು ಕಪ್ಪಾಗಿ ನಿಲ್ಲುತ್ತದೆ. ಮೆಣಸಿನಕಾಯಿ ಸಸಿಗೆ 40-45 ದಿನ, ಬದನೆಗೆ 35 ದಿನ ಬೇಕು. ಅವೆರಡು ಮಳೆಗಾಲವನ್ನು ಒಂದಿಷ್ಟು ತಡೆದುಕೊಳ್ಳುತ್ತವೆ, ಏರು ಮಡಿ ಇದ್ದರೆ.

ಇದನ್ನು ಓದುವ ಹೊತ್ತಿಗೆ ಮಾರ್ಚ್ ಬಂದಿದ್ದರೆ ಬೀಜ ಹಾಕುವ ಗೋಜಿಗೆ ಹೋಗಬೇಡಿ. ನರ್ಸರಿಯಿಂದ ಸಸಿ ತನ್ನಿ. ಹೂ ಬಿಟ್ಟ ಎತ್ತರದ ಸಸಿ ಬೇಡ. ಗೇಣುದ್ದದ, ದಪ್ಪ ಕಾಂಡದ ಸಸಿ ಆರಿಸಿ.

ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಎಲೆ ಮುದುಡು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ಮಲೆನಾಡಿನ ಹುಳಿ ಮಣ್ಣಿನಲ್ಲಿ ಸೊರಗು ರೋಗ ಜಾಸ್ತಿ ಇರುವುದರಿಂದ ಇದು ಮುಖ್ಯ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಡುವುದು ವ್ಯರ್ಥ. ಬದನೆಗೆ ಸೊರಗು ಕಾಟ ಇದ್ದರೆ ಬೇಲಿಯ ಸುಂಡೆ ಗಿಡದ ಮೇಲೆ ಕಸಿ ಕಟ್ಟಬಹುದು, ಕಷ್ಟದ ಕೆಲಸವಲ್ಲ.

ಮಿಶ್ರಣ. ತೆಂಗಿನ ನಾರಿನ ಪುಡಿ ಒಂದು ಪಾಲು, ಚೆನ್ನಾಗಿ ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ಕೆಂಪು ಮಣ್ಣು ಒಂದು ಪಾಲು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಿ. ಮಿಶ್ರಣಕ್ಕೆ ಟ್ರೈಕೊಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಒಂದು ಹಿಡಿ ಸೇರಿಸಿದರೆ ಸಸಿ ಬುಡ ಕೊಳೆಯುವುದು ಕಡಿಮೆಯಾಗುತ್ತದೆ. 98 ಗುಳಿಯ ಪ್ರೋಟ್ರೇ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆ, ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ತಳಕ್ಕೆ ತೂತು ಮಾಡಿದ ಕಾಗದದ ಲೋಟ ಸಾಕು.

ಬಿಸಿ. ಇದೇ ಚಳಿಗಾಲದ ಗುಟ್ಟು. ಮೆಣಸಿನಕಾಯಿ, ಬದನೆಗೆ ಮೊಳೆಯಲು 25-30 ಡಿಗ್ರಿ ಹಿತ. ಹೊರಗಿನ ತಂಪಿನಲ್ಲಿ ಮೆಣಸಿನಕಾಯಿ ಮೂರು ವಾರ ತೆಗೆದುಕೊಳ್ಳುತ್ತದೆ, ಸೂಜಿಮೆಣಸು ಇನ್ನೂ ಜಾಸ್ತಿ. ನಮ್ಮ ಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಒಂದಿದೆ: ಬಚ್ಚಲ ಹಂಡೆ ಒಲೆಯ ಪಕ್ಕದ ಕಟ್ಟೆ. ಬೆಳಗ್ಗೆ ಒಮ್ಮೆ ಉರಿ ಹಾಕಿದರೆ ಕಟ್ಟೆ ಮಧ್ಯಾಹ್ನದವರೆಗೆ ಬೆಚ್ಚಗಿರುತ್ತದೆ. ಬೀಜ ಹಾಕಿದ ಟ್ರೇಗೆ ಕಾಗದ ಮುಚ್ಚಿ ಅಲ್ಲಿಡಿ. ಕೈ ಇಟ್ಟರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಗ್ಯಾಸ್ ಗೀಸರ್ ಮನೆಯವರು ಫ್ರಿಜ್ ಮೇಲೆ ಇಟ್ಟು ನೋಡಿ.

ಬೆಳಕು. ಮೊದಲ ಮೊಳಕೆ ತಲೆ ಎತ್ತಿದ ದಿನವೇ ಟ್ರೇ ಬೆಳಕಿಗೆ ಬರಬೇಕು. ಎರಡು ದಿನ ತಡವಾದರೂ ಸಸಿ ನೂಲಿನಂತೆ ಉದ್ದವಾಗಿ ಬಾಗುತ್ತದೆ, ಮತ್ತೆ ಸರಿ ಹೋಗುವುದಿಲ್ಲ. ಮಲೆನಾಡಿನ ಮನೆಗಳ ಸೂರು ತಗ್ಗು, ಜಗಲಿಯ ಬೆಳಕು ಸಸಿಗೆ ಸಾಲದು. ಗಾಜಿನ ಹೆಂಚಿನ ಕೆಳಗಿನ ಬೆಳಕೂ ಸಾಲದು. ಬೆಳಗಿನ ಬಿಸಿಲು ನೇರ ಬೀಳುವ ಅಂಗಳದಲ್ಲೋ ತಾರಸಿಯಲ್ಲೋ ಇಡಿ. ರಾತ್ರಿ ಒಳಗೆ ತನ್ನಿ. ತರುವುದು ಬೇಜಾರು ಅನ್ನಿಸಿದರೆ ಅಡಿ ಕತ್ತರಿಸಿದ ನೀರಿನ ಬಾಟಲಿಯನ್ನು ಲೋಟದ ಮೇಲೆ ಕವುಚಿ. ಬೆಳಗ್ಗೆ ಒಂಬತ್ತಕ್ಕೆ ಮರೆಯದೆ ತೆಗೆಯಬೇಕು, ಇಲ್ಲದಿದ್ದರೆ ಒಳಗಿನ ಸಸಿ ಬೆಂದುಹೋಗುತ್ತದೆ.

ನೀರು. ಬೆಳಗ್ಗೆ ಬಿಸಿಲು ಬಂದ ಮೇಲೆ ಮಾತ್ರ. ಸಂಜೆ ನೀರು ಹಾಕಿದರೆ ರಾತ್ರಿಯಿಡೀ ಬುಡ ಒದ್ದೆಯಾಗಿ, ಕುತ್ತಿಗೆ ಕಪ್ಪಾಗಿ, ಬೆಳಗ್ಗೆ ಸಾಲು ಸಾಲು ಸಸಿ ಮಲಗಿರುತ್ತವೆ. ಹಾಗೆ ಆದರೆ ಬಿದ್ದವನ್ನು ಸುತ್ತಲ ಮಣ್ಣಿನ ಸಮೇತ ತೆಗೆದು ಎಸೆದು, ಉಳಿದದ್ದಕ್ಕೆ ಎರಡು ದಿನ ನೀರು ನಿಲ್ಲಿಸಿ.

ನಾಟಿ. ನೆಡುವ ಮೊದಲು ವಾರ ಹತ್ತು ದಿನ ಸಸಿಯನ್ನು ಹೊರಗಿನ ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಸಂಜೆ ನಾಲ್ಕರ ಮೇಲೆ ನೆಡಿ. ಟೊಮ್ಯಾಟೊ ಕಾಂಡವನ್ನು ಮೊದಲ ಎಲೆಯವರೆಗೆ ಹೂಳಬಹುದು, ಅಲ್ಲೆಲ್ಲ ಬೇರು ಬರುತ್ತದೆ. ಬದನೆ, ಮೆಣಸಿನಕಾಯಿಗೆ ಹಾಗೆ ಮಾಡಬೇಡಿ. ಮಾರ್ಚ್ ಬಿಸಿಲಿಗೆ ನಾಲ್ಕು ದಿನ ಪಶ್ಚಿಮದ ಕಡೆ ಸೊಪ್ಪಿನ ಕೊಂಬೆ ಚುಚ್ಚಿ ನೆರಳು ಮಾಡಿ. ಬುಡಕ್ಕೆ ದರಗು ದಪ್ಪವಾಗಿ ಹಾಸಿ, ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ.

ಮಾರ್ಚ್ ಕೊನೆಗೆ ಮೆಣಸಿನ ಎಲೆ ಮುದುಡಿ ದೋಣಿಯಾಗಲು ಶುರುವಾದರೆ ಥ್ರಿಪ್ಸ್ ಅಥವಾ ನುಸಿ ಬಂದಿದೆ ಅಂತ ಅರ್ಥ. ಒಣ ಬಿಸಿಲಿನಲ್ಲಿ ಇವು ಹೆಚ್ಚುತ್ತವೆ. ಲೀಟರ್ ನೀರಿಗೆ 3-5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ ಎಲೆಯ ಅಡಿಗೆ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ. ಗಿಡ ಇದ್ದಕ್ಕಿದ್ದಂತೆ ಹಸಿರಾಗಿಯೇ ಬಾಡಿದರೆ ಕಾಂಡದ ಬುಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನಿಲ್ಲಿಸಿ. ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು. ಅದಕ್ಕೆ ಮದ್ದಿಲ್ಲ. ಕಿತ್ತು ಸುಟ್ಟು, ಆ ಮಡಿಯಲ್ಲಿ ಎರಡು ಮೂರು ವರ್ಷ ಬದನೆ ಜಾತಿಯವನ್ನು ಹಾಕಬೇಡಿ. ಆಲೂಗಡ್ಡೆಯೂ ಅದೇ ಜಾತಿ, ಹಾಸನದವರು ಇದನ್ನು ಮರೆಯಬಾರದು.

ಹಂತ 6: ತಂಪು ಇರುವಾಗಲೇ ಸೊಪ್ಪು ಮುಗಿಸಿ

ಕೊತ್ತಂಬರಿ, ಮೆಂತ್ಯ, ಪಾಲಕ್‌ಗೆ ಇದು ಕೊನೆಯ ಬಸ್ಸು. ಶಿವರಾತ್ರಿ ದಾಟಿ ಬಿತ್ತಿದ ಕೊತ್ತಂಬರಿ ಗೇಣುದ್ದ ಆಗುವ ಮೊದಲೇ ಹೂ ಬಿಡುತ್ತದೆ. ಬಟಾಣಿ, ಹೂಕೋಸು ಬೇಡವೇ ಬೇಡ.

ಹಂತ 7: ಕತ್ತರಿ ಹಿಡಿಯುವ ಕೆಲಸ

ಮಲ್ಲಿಗೆ ಸವರುವುದು ಸಂಕ್ರಾಂತಿ ಹೊತ್ತಿಗೆ ಆಗಿರಬೇಕಿತ್ತು. ಆಗಿಲ್ಲದಿದ್ದರೆ ಈ ವಾರವೇ ಶುರು ಮಾಡಿ. ಎರಡು ವಾರ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಉಳಿದ ಎಲೆ ಕೈಯಲ್ಲೇ ಸವರಿ ತೆಗೆಯಿರಿ. ಬುಡ ಕೆದಕಿ, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ, ಮತ್ತೆ ನೀರು ಶುರು ಮಾಡಿ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು. ಹಳೆ ಕಡ್ಡಿ ಕಂಡು ಕನಿಕರ ಪಟ್ಟರೆ ಹೂವಿಲ್ಲ.

ಗುಲಾಬಿಯನ್ನು ಈಗ ಬುಡಮಟ್ಟ ಕತ್ತರಿಸಬೇಡಿ, ಬೇಸಿಗೆ ಮುಂದಿದೆ. ಒಣಗಿದ್ದು, ಒಳಗೆ ನುಗ್ಗಿದ್ದು, ಪೆನ್ಸಿಲ್‌ಗಿಂತ ಸಣ್ಣದು, ಇಷ್ಟು ತೆಗೆಯಿರಿ. ಹೊರಗೆ ಮುಖ ಮಾಡಿದ ಕಣ್ಣಿನ (ಚಿಗುರೊಡೆಯುವ ಜಾಗದ) ಮೇಲೆ ಓರೆಯಾಗಿ ಕತ್ತರಿಸಿ. ಸುಮಾರು 45 ದಿನಕ್ಕೆ ಹೂ. ರಾತ್ರಿ ತಂಪು, ಹಗಲು ಒಣ ಬಿಸಿಲು ಇರುವ ಈ ದಿನಗಳಲ್ಲಿ ಎಲೆ ಮೇಲೆ ಬೂದಿ ರೋಗ ಬರುತ್ತದೆ, ಗಿಡಗಳ ನಡುವೆ ಗಾಳಿ ಆಡುವಂತೆ ನೋಡಿಕೊಳ್ಳಿ.

ಸೇವಂತಿಗೆಯ ಹೂ ಮುಗಿದಿದೆ. ಕಾಂಡವನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಬುಡದಲ್ಲಿ ಮರಿಗಳು ಏಳುತ್ತವೆ. ಅವನ್ನು ಬಿಡಿಸಿ ಅರೆನೆರಳಲ್ಲಿ ನೆಡಿ. ಹಗಲು ಚಿಕ್ಕದಾದ ಮೇಲೇ ಹೂ ಬಿಡುವ ಗಿಡ ಅದು. ಬೇಸಿಗೆಯಲ್ಲಿ ಎಷ್ಟು ಗೊಬ್ಬರ ಸುರಿದರೂ ಸರಿಯಾಗಿ ಹೂವಾಗುವುದಿಲ್ಲ. ಆಗಸ್ಟ್‌ವರೆಗೆ ಕುಡಿ ಚಿವುಟುತ್ತಿರಿ ಸಾಕು.

ಹಂತ 8: ಕಾಳುಮೆಣಸಿನ ಬಳ್ಳಿ ತುಂಡು ಮಾಡಿ

ಏನಾದರೂ ನೆಡದಿದ್ದರೆ ನಿದ್ದೆ ಬರುವುದಿಲ್ಲ ಅನ್ನುವವರಿಗೆ ಫೆಬ್ರವರಿ-ಮಾರ್ಚ್‌ನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿದ ಹಂಬನ್ನು ಆರಿಸಿ. ಮೇಲೆ ಕರೆ (ಮೆಣಸಿನ ಗೊಂಚಲು) ಬಿಡುವ ಅಡ್ಡ ರೆಂಬೆ ಬೇಡ, ಅದು ಪೊದೆಯಾಗುತ್ತದೆ, ಮರ ಏರುವುದಿಲ್ಲ. ತಾಯಿ ಬಳ್ಳಿಗೆ ಹಿಂದಿನ ಮಳೆಗಾಲದಲ್ಲಿ ಸೊರಗು ಬಂದಿದ್ದರೆ ಅದರ ತಂಟೆಗೇ ಹೋಗಬೇಡಿ. ತೀರ ಎಳೆ ತುದಿ, ತೀರ ಬಲಿತ ಬುಡ ಎರಡನ್ನೂ ಬಿಟ್ಟು, ಎರಡು ಮೂರು ಗೆಣ್ಣಿನ ತುಂಡು ಮಾಡಿ, ಎಲೆ ಕತ್ತರಿಸಿ ತೊಟ್ಟು ಉಳಿಸಿ. ಒಂದು ಗೆಣ್ಣಾದರೂ ಮಣ್ಣಿನೊಳಗಿರುವಂತೆ ಪಾಲಿಥಿನ್ ಚೀಲದಲ್ಲಿ ನೆಡಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ. ದಟ್ಟ ನೆರಳಲ್ಲಿಟ್ಟು ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ನೀರು ಚಿಮುಕಿಸಿ. ಚಿಗುರು ಕಾಣಲು ತಿಂಗಳಾದರೂ ಬೇಕು. ಕಿತ್ತು ಬೇರು ಬಂತಾ ಅಂತ ನೋಡುವ ಚಟ ಇರುವವರು ಚೀಲವನ್ನು ಬೇರೆಯವರ ಕೈಗೆ ಒಪ್ಪಿಸಿ. ಮೇ-ಜೂನ್ ಹೊತ್ತಿಗೆ ನೆಡಲು ತಯಾರಾಗುತ್ತದೆ.

ಹಂತ 9: ಡೇರೆ ಗೆಡ್ಡೆ ಮುಟ್ಟಬೇಡಿ

ನಮ್ಮ ಅತ್ತೆ ಕೊಪ್ಪದ ಕಡೆಯವರು. ಫೆಬ್ರವರಿಯಲ್ಲಿ ನಾನು ಡೇರೆ (ಡೇಲಿಯಾ) ಹೂವಿನ ಗೆಡ್ಡೆಯ ಬುಟ್ಟಿ ಕಡೆ ಹೋದರೆ ಸಾಕು, "ಮಲಗಿದ್ದನ್ನ ಎಬ್ಬಿಸ್ಬೇಡ ಮಾರಾಯ್ತಿ" ಅನ್ನುತ್ತಾರೆ. ಅವರ ಮಾತಿಗೆ ಕಾರಣವಿದೆ. ಈಗ ಎಬ್ಬಿಸಿದ ಡೇರೆ ಮಾರ್ಚ್-ಏಪ್ರಿಲ್ ಬಿಸಿಲಿಗೆ ಸಣಕಲಾಗಿ ಏಳುತ್ತದೆ, ನುಸಿ ತಿನ್ನುತ್ತದೆ. ಜುಲೈ ಮಳೆ ಹೊಡೆಯುವ ಹೊತ್ತಿಗೆ ಎತ್ತರವಾಗಿ, ಟೊಳ್ಳು ಕಾಂಡದಲ್ಲಿ ನೀರು ನಿಂತು ಮುರಿದು ಬೀಳುತ್ತದೆ. ಭರಣಿ ಮಳೆಯ ಮೇಲೆ ಎದ್ದ ಗಿಡ ಕುಳ್ಳಗೆ ಗಟ್ಟಿಯಾಗಿ ಮಳೆ ಎದುರಿಸುತ್ತದೆ, ಮಳೆ ಇಳಿಮುಖವಾದಾಗ ತಟ್ಟೆಯಗಲ ಹೂ ಕೊಡುತ್ತದೆ.

ಎಬ್ಬಿಸದೆಯೂ ಮಾಡುವ ಕೆಲಸ ಬೇಕಾದಷ್ಟಿದೆ. ಗಿಡ ಒಣಗಿದ್ದರೂ ಗೆಡ್ಡೆ ಇನ್ನೂ ನೆಲದಲ್ಲೇ ಇದ್ದರೆ ಅಗೆದು ತೆಗೆಯಿರಿ. ಗುದ್ದಲಿಯನ್ನು ಬುಡದಿಂದ ಒಂದು ಅಡಿ ದೂರ ಹಾಕಿ ಮೇಲೆತ್ತಿ. ಕುತ್ತಿಗೆ ಮುರಿಯಬಾರದು. ಡೇರೆಯ ಕಣ್ಣು ಇರುವುದು ಕಾಂಡದ ಬುಡ ಗೆಡ್ಡೆಗೆ ಸೇರುವ ಜಾಗದಲ್ಲಿ ಮಾತ್ರ. ಕುತ್ತಿಗೆ ಕಳೆದುಕೊಂಡ ಗೆಡ್ಡೆ ಎಷ್ಟು ದಪ್ಪಗಿದ್ದರೂ ಮೊಳೆಯುವುದಿಲ್ಲ. ಗೆಣಸಿನ ಹಾಗೆ ಎಲ್ಲಿ ಬೇಕಾದರೂ ಚಿಗುರುತ್ತದೆ ಅಂತ ತಿಳಿದವರು ಪ್ರತಿ ವರ್ಷ ಗೆಡ್ಡೆ ಕಳೆದುಕೊಳ್ಳುತ್ತಾರೆ.

ಮಣ್ಣು ಕೊಡವಿ ಎರಡು ಮೂರು ದಿನ ನೆರಳಲ್ಲಿ ಆರಿಸಿ. ಗಾಯಕ್ಕೆ ಒಲೆ ಬೂದಿ ಹಚ್ಚಿ. ಬುಟ್ಟಿಯಲ್ಲಿ ಒಣ ಮರಳು ಅಥವಾ ಮರದ ಪುಡಿ ಹಾಸಿ, ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೆ ಮತ್ತೆ ಮರಳು. ಬಣ್ಣದ ಚೀಟಿ ಕಟ್ಟಿ. ಕಟ್ಟದಿದ್ದರೆ ಅಕ್ಕಪಕ್ಕದವರ ಜೊತೆ ಗೆಡ್ಡೆ ಬದಲಿಸುವಾಗ ಜಗಳ ಖಾತ್ರಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಮೆತ್ತಗಾದ ಭಾಗ ಕತ್ತರಿಸಿ ಬೂದಿ ಹಚ್ಚಿ. ತೀರಾ ಸುಕ್ಕುಗಟ್ಟಿದ್ದರೆ ಮರಳಿಗೆ ಎರಡು ಚಮಚ ನೀರು ಚಿಮುಕಿಸಿ, ಅಷ್ಟೇ. ಏಪ್ರಿಲ್ ಕೊನೆಗೆ ಕಣ್ಣು ಗುಲಾಬಿ ಬಣ್ಣಕ್ಕೆ ಉಬ್ಬಿದಾಗ ಪಾಲು ಮಾಡಿ. ಪ್ರತಿ ಪಾಲಿಗೂ ಒಂದು ಕಣ್ಣು, ಒಂದು ಗೆಡ್ಡೆ ಇರಬೇಕು.

ಹಂತ 10: ಖಾಲಿ ಮಡಿಯ ಮಣ್ಣು ಬೇಯಿಸಿ

ಬೀಜ ಹಾಕಲಾಗದ ಮಡಿ ಸುಮ್ನೆ ಬಿದ್ದಿರುವುದು ಯಾಕೆ? ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗಿನ ಬಿಸಿಲನ್ನು ದುಡಿಸಿಕೊಳ್ಳಿ. ಮಡಿ ಅಗೆದು, ಹೆಂಟೆ ಒಡೆದು, ಚೆನ್ನಾಗಿ ನೀರು ಕುಡಿಸಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಎಳೆದು ಅಂಚಿಗೆ ಮಣ್ಣು ಮುಚ್ಚಿ. ಕಪ್ಪು ಹಾಳೆಯಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ. ನಾಲ್ಕರಿಂದ ಆರು ವಾರ ಬಿಟ್ಟರೆ ಕಳೆ ಬೀಜ, ಜಂತುಹುಳು, ಸಸಿ ಕೊಳೆಸುವ ಶಿಲೀಂಧ್ರ ಬಹುಪಾಲು ಸಾಯುತ್ತವೆ. ಹಾಳೆಗೆ ತೂತು ಬಿದ್ದರೆ ಟೇಪ್ ಹಚ್ಚಿ. ಮರದ ನೆರಳಿನ ಮಡಿಗೆ ಇದು ನಡೆಯುವುದಿಲ್ಲ. ಅಲ್ಲಿಗೆ ನಮ್ಮ ಹಳೆಯ ಸುಡುಮಣ್ಣೇ (ಕಸಕಡ್ಡಿ ಹಾಕಿ ಸುಟ್ಟ ಮಣ್ಣು) ಗತಿ.

ಮಲೆನಾಡಿನ ಮಣ್ಣು ಹುಳಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟೇ ಕೃಷಿ ಸುಣ್ಣ ಹಾಕಿ. ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ, ಹಾಸನದವರಿಗೆ ಕಂದಲಿಯಲ್ಲಿ ಕೇಂದ್ರ ಇದೆ. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರವನ್ನು ಒಂದೇ ದಿನ ಸೇರಿಸಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಅಂತರವಿರಲಿ.

ಈಗ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಕೆಲಸದ ಕಾಲ, ಕಾಫಿ ಸಿಪ್ಪೆ ಧಾರಾಳ. ಹಸಿಯಾಗಿ ಗಿಡದ ಬುಡಕ್ಕೆ ಸುರಿಯಬೇಡಿ. ಸಿಪ್ಪೆ, ದರಗು, ಸಗಣಿ ನೀರು ಪದರ ಪದರವಾಗಿ ಹಾಕಿ, ತಿಂಗಳಿಗೊಮ್ಮೆ ಮಗುಚಿ. ಈಗ ಗುಡ್ಡೆ ಹಾಕಿದರೆ ಜೂನ್‌ಗೆ ಗೊಬ್ಬರ.

ಹಂತ 11: ಬಳ್ಳಿ ತರಕಾರಿ ಮತ್ತು ಮೊದಲ ಮಳೆ

ಥರ್ಮಾಮೀಟರ್ ಬೆಳಗ್ಗೆ 20 ತೋರಿಸಿದ ಮೇಲೆ ಬೆಂಡೆ, ಅಲಸಂದೆ, ದಂಟು ಹಾಕಿ. ನೀರು ಕಡಿಮೆ ಇದ್ದರೆ ಅಲಸಂದೆಯೇ ವಾಸಿ. ಸೌತೆ, ಹೀರೆ, ಕುಂಬಳಕ್ಕೆ ಮಲೆನಾಡಿನವರು ಅಶ್ವಿನಿ-ಭರಣಿ ಹದಕ್ಕೆ ಕಾಯುವುದೇ ಸರಿ. ಬೇಸಿಗೆಯಲ್ಲಿ ಕಾಡಿನಲ್ಲಿ ತಿನ್ನಲು ಏನೂ ಇರುವುದಿಲ್ಲ. ಊರಿಗೆಲ್ಲ ಮೊದಲು ಕಾಯಿ ಬಿಟ್ಟ ಹಿತ್ತಲಿನ ವಿಳಾಸ ಮಂಗಗಳಿಗೆ ಬೇಗ ಗೊತ್ತಾಗುತ್ತದೆ. ಎಲ್ಲರ ಮನೆಯಲ್ಲೂ ಸೌತೆ ಇದ್ದಾಗ ನಿಮ್ಮ ಪಾಲಿನ ನಷ್ಟ ಕಡಿಮೆ.

ಮಾರ್ಚ್‌ನಲ್ಲಿ ಒಂದು ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಕೂಡಲೇ ಬೀಜ ಎರಚಬೇಡಿ. ಮಣ್ಣಿನ ವಾಸನೆಗೆ ತಲೆ ತಿರುಗುವುದು ಸಹಜ. ಆದರೆ ಮುಂದಿನ ಮಳೆ ಮೂರು ವಾರ ಬಿಟ್ಟು ಬರಬಹುದು, ಮೊಳೆತದ್ದು ಅಷ್ಟರಲ್ಲಿ ಒಣಗುತ್ತದೆ. ಮಳೆಯ ಮರುದಿನ ಗುದ್ದಲಿಯಲ್ಲಿ ಒಂದು ಕಡೆ ಅಗೆದು ನೋಡಿ. ತೇವ ಗೇಣು ಆಳ ಇಳಿದಿದ್ದರೆ ಮಾತ್ರ ಬಿತ್ತನೆ ಮಾತು. ಎರಡು ಬೆರಳಷ್ಟೇ ಇದ್ದರೆ ದರಗು ಹಾಸಿ ಆ ತೇವ ಉಳಿಸಿಕೊಳ್ಳಿ.

ಏಪ್ರಿಲ್ ಮಳೆ ಗುಡುಗು, ಗಾಳಿ, ಕೆಲವೊಮ್ಮೆ ಆಲಿಕಲ್ಲಿನ ಜೊತೆ ಬರುತ್ತದೆ. ಹೂ ಕಾಯಿ ಹಿಡಿದ ಟೊಮ್ಯಾಟೊಗೆ ಅಷ್ಟರೊಳಗೆ ಗಟ್ಟಿ ಊರುಗೋಲು ಕಟ್ಟಿರಬೇಕು. ಹಳೆಯ ನೆರಳು ಬಲೆ ಒಂದು ತುಂಡು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಪ್ಪಾಗಿ ಗಾಳಿ ನಿಂತರೆ ಬಲೆಯನ್ನು ಊರುಗೋಲುಗಳ ಮೇಲೆ ಎಳೆದು ನಾಲ್ಕೂ ಮೂಲೆ ಕಟ್ಟಿ. ಮರುದಿನ ಮುರಿದ ಎಲೆ ತೆಗೆದು, ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಶಿಲೀಂಧ್ರನಾಶಕ) ಸಿಂಪಡಿಸಿ. ಅಡಿಕೆಗೆ ಮಾಡುವ ಅದೇ ಅಳತೆ: 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಹಿತ್ತಲಿಗೆ 10 ಲೀಟರ್ ಸಾಕು, ತಲಾ 100 ಗ್ರಾಂ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಪ್ಲಾಸ್ಟಿಕ್ ಬಕೆಟ್ ಬಳಸಿ, ಅದೇ ದಿನ ಸಿಂಪಡಿಸಿ ಮುಗಿಸಿ.